ಪದ್ಯ ಯಾವುದು, ಅರ್ಥ ಯಾವುದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯವು. ಮುಂದೆ ಏನಾಗುತ್ತೋ ಗೊತ್ತಿಲ್ಲ, ವ್ಯಾಪಾರ ಹೇಗೆ ಮಾಡೋದು ಅಂತ. ನಾನು ಶಿರಸಿಯಲ್ಲಿ 28 ವರ್ಷ ಪ್ರಿಂಟಿಂಗ್ ಪ್ರೆಸ್ ನಡೆಸಿದವಳು. 50 ದಾಟಿದ ಮೇಲೆ ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತ ಇಲ್ಲದೆ ಕೂತಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳಲು (ಹಾಡಿದ ಪದ್ಯಕ್ಕೆ ಪಾತ್ರವಾಗಿ ಮಾತಾಡಲು) ಕಲಿತೆ. ಈ ಎರಡು ಕಡೆ ಸಿಕ್ಕ ಬುದ್ಧಿಯಿಂದಲೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ನಾವು ಸಿದ್ದಾಪುರದ ಹತ್ತಿರ 6 ಜನ ಹೆಂಗಸರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡದೇವು ಮಾಡಿ ಮಾರುತ್ತೇವೆ. ಈ ವರ್ಷ ಮಾವು ಹೂ ಬಿಟ್ಟಾಗ ಮೋಡ ಕವಿದು ಮಿಡಿ ಕೈಕೊಟ್ಟಿತು. ಹೋದ ವರ್ಷದ ಅರ್ಧವೂ ಭರಣಿಗೆ ಬಿದ್ದಿಲ್ಲ. ಗಿರಾಕಿಗಳಿಗೆ ಏನು ಹೇಳೋದು ತಿಳಿಯುತ್ತಿಲ್ಲ. ಒಬ್ಬರಂತೂ ಫೋನ್ ಮಾಡಿ 'ಎಷ್ಟಿದೆಯೋ ಅಷ್ಟೇ ಕೊಡಿ, ಆದ್ರೆ ಅದೇ ಹೊಳೆಬದಿ ಮರದ್ದು ಕೊಡಿ' ಅಂದರು. ಬೆಂಗಳೂರಲ್ಲಿರುವ ಮಗನ ಆಫೀಸಿನಲ್ಲಿ ಎರಡು ದಿನ ಬಣ್ಣ ಹಚ್ಚಿಸಿ, ನಾಟಕ ಆಡಿಸಿ, ಏನಾಗುತ್ತೆ ಅಂತ ಗೊತ್ತಿಲ್ಲದಾಗ ಕಲಾವಿದರು ಹೇಗೆ ಯೋಚಿಸ್ತಾರೋ ಹಾಗೆ ಯೋಚಿಸಿ ಅಂದರಂತೆ. ನೀವೂ ಮಾಡಿ ಅಂತಾನೆ. ಉಪ್ಪಿನಕಾಯಿ ಹಾಕುವವರಿಗೆ ಇದರಿಂದ ಏನು ಉಪಯೋಗ?

ಉತ್ತರ: ತಂಗಿ, ಉಪಯೋಗ ಇದೆ. ಅದಕ್ಕೆ ಬಣ್ಣ, ಬ್ರಷ್ ಬೇಡ. ನಿಮ್ಮೂರಲ್ಲಿ ಮಳೆಗಾಲದಲ್ಲಿ ತಾಳಮದ್ದಳೆ ಆಗುತ್ತಲ್ವಾ, ಅಲ್ಲಿ ಹೋಗಿ ಕೂತರೆ ಸಾಕು.

ನಾನು ಮೊದಲ ಸಲ ಅರ್ಥ ಹೇಳಿದ್ದು ವಾಲಿವಧೆಯಲ್ಲಿ, ವಾಲಿಯಾಗಿ. ನಾಲ್ಕು ಪುಟ ಬರೆದು ಬಾಯಿಪಾಠ ಮಾಡಿದ್ದೆ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟಿದ್ದು ಯಾವ ಧರ್ಮ ಅಂತ ನಾನು ಕೇಳಬೇಕು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದೇ ಶಿಕ್ಷೆ ಅಂತ ರಾಮ ಹೇಳಬೇಕು. ಆಮೇಲೆ ನನ್ನ ಎರಡನೇ ಪುಟ. ಹಾಡಿ ಪ್ರಸಂಗ ನಡೆಸುವ ಭಾಗವತರು ಪದ್ಯ ಹೇಳಿ ನಿಲ್ಲಿಸಿದರು. ನಾನು ಜೋರಾಗಿ ಕೇಳಿದೆ. ರಾಮನಾಗಿದ್ದವಳು ನಮ್ಮ ಕೇರಿಯವಳೇ. ಅವಳು ವಾದವನ್ನೇ ಮಾಡಲಿಲ್ಲ. ಸ್ವಲ್ಪ ನನ್ನ ಕಡೆ ಬಾಗಿ ಮೆತ್ತಗೆ, 'ವಾಲಿ, ನೋವಾಗುತ್ತಿದೆಯೇ?' ಅಂದಳು.

ನನ್ನ ನಾಲ್ಕು ಪುಟದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಬಾಯಿ ಒಣಗಿತು. ಮದ್ದಳೆಯವರು ಮದ್ದಳೆಯ ಮೇಲೆ ಕೈಯಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಭಾಗವತರೇ ಮುಂದಿನ ಪದ್ಯ ಎತ್ತಿಕೊಂಡು ನನ್ನನ್ನು ಪಾರು ಮಾಡಿದರು.

ಆಮೇಲೆ ನನ್ನ ಗುರುಗಳು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. 'ನೀನು ಅವಳ ಮಾತು ಕೇಳಲೇ ಇಲ್ಲ. ನಿನ್ನ ಸರದಿಗೆ ಕಾಯ್ತಾ ಕೂತಿದ್ದೆ. ಎದುರಿನವರ ಕೊನೆಯ ಮಾತು ಹಿಡ್ಕೋ. ಅಲ್ಲಿಂದ ಶುರು ಮಾಡು.' ಮುಂದಿನ ವರ್ಷ ಅದೇ ಜೋಡಿ, ಅದೇ ಪ್ರಸಂಗ. ಅವಳು ಅದೇ ಪ್ರಶ್ನೆ ಕೇಳಿದಳು. ನಾನು 'ನೋವಾಗುತ್ತಿದೆ ರಾಮ. ಆದರೆ ಅದು ಬಾಣದ್ದಲ್ಲ' ಅಂದೆ. ಅಲ್ಲಿಂದ ಮಾತು ತಾನಾಗಿ ಬಂತು. ಅದು ಯಾವ ಪುಟದಲ್ಲೂ ಬರೆದಿದ್ದಲ್ಲ.

ತಾಳಮದ್ದಳೆಯಲ್ಲಿ ಪದ್ಯ ಮೊದಲೇ ಬರೆದದ್ದು, ಬದಲಾಗುವುದಿಲ್ಲ. ಅರ್ಥ ಮಾತ್ರ ಪ್ರತಿ ರಾತ್ರಿ ಹೊಸದು. ಪದ್ಯ ಬಿಟ್ಟು ಹೋದರೆ ಪ್ರಸಂಗವೇ ಕೆಡುತ್ತದೆ. ಅರ್ಥವನ್ನೂ ಬಾಯಿಪಾಠ ಮಾಡಿದರೆ ನನಗಾದ ಗತಿಯೇ ಆಗುತ್ತದೆ. ವ್ಯಾಪಾರದಲ್ಲೂ ಹೀಗೇ ಅಂತ ನನಗೆ ತಿಳಿದದ್ದು 2020ರಲ್ಲಿ.

ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ನಮಗೆ ವರ್ಷದ ಊಟ ಹುಟ್ಟುವುದೇ ಏಪ್ರಿಲ್, ಮೇ ತಿಂಗಳ ಮದುವೆ ಕಾರ್ಡಿನಿಂದ. ಹುಬ್ಬಳ್ಳಿಯಿಂದ ತಂದ ರೆಡಿ ಕಾರ್ಡಿನ ಕಟ್ಟುಗಳು ಅಟ್ಟದವರೆಗೆ ಇದ್ದವು. ಸಗಟು ವ್ಯಾಪಾರಿ ಒಂದು ಕಟ್ಟನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ. ಹತ್ತಾರು ದಿನ ನಾನು ಲೆಕ್ಕದ ಪುಸ್ತಕ ಹಿಡಿದು ಸುಮ್ನೆ ಕೂತಿದ್ದೆ. ಪ್ರೆಸ್ಸಿಗೆ ಹೋಗಿ ಬರಲು ಬಿಟ್ಟ ಮೇಲೆ ಒಂದು ದಿನ ಇಬ್ಬರು ಕೆಲಸದವರನ್ನು ಕೂರಿಸಿಕೊಂಡು, ನಾವು ತಾಳಮದ್ದಳೆ ಕೂತಿದ್ದೇವೆ ಅಂದುಕೊಳ್ಳಿ ಅಂದೆ. ಪದ್ಯ ಒಂದೇ: 'ಮದುವೆ ನಿಂತಿತು'. ನಾನು ಭಾಗವತಳು. ಅವರಿಬ್ಬರಲ್ಲಿ ಯಾರೂ ಪ್ರೆಸ್ಸಿನವರಾಗಿ ಮಾತಾಡುವಂತಿಲ್ಲ.

ಮಷಿನ್ ನಡೆಸುವ ಹುಡುಗ ಹೆಣ್ಣಿನ ಅಪ್ಪನಾದ. ಸ್ವಲ್ಪ ಹೊತ್ತು ನಾಚಿಕೊಂಡ. ಆಮೇಲೆ ಗಟ್ಟಿಯಾಗಿ ಹೇಳಿದ. 'ಮದುವೆ ಎಲ್ಲಿ ನಿಂತಿದೆ ಅಮ್ಮಾ? 50 ಜನರಲ್ಲಿ ಮಾಡ್ತಾ ಇದ್ದೀವಿ. ನನಗೆ ತಲೆಬಿಸಿ ಆಗಿರೋದು ಉಳಿದವರದ್ದು. ಅಣ್ಣ ತಮ್ಮಂದಿರಿಗೆ, ಬೀಗರ ಕಡೆಯವರಿಗೆ ಬರಬೇಡಿ ಅಂತ ಯಾವ ಬಾಯಲ್ಲಿ ಹೇಳಲಿ?'

ಮೂವರೂ ಸುಮ್ಮನಾದೆವು. ಆಗ ಮದುವೆಗೆ 50 ಜನರ ಮಿತಿ ಇತ್ತು. ಬನ್ನಿ ಅಂತ ಕರೆಯುವ ಕಾರ್ಡು ಬೇಡವಾಗಿತ್ತು, ನಿಜ. ಬರಬೇಡಿ ಅಂತ ಮರ್ಯಾದೆಯಿಂದ ಹೇಳುವ ಕಾರ್ಡು ಪ್ರತಿ ಮನೆಗೂ ಬೇಕಿತ್ತು. ಅದೇ ರೆಡಿ ಕಾರ್ಡಿನಲ್ಲಿ 'ಇದ್ದಲ್ಲಿಂದಲೇ ಹರಸಿ' ಅಂತ ದೊಡ್ಡದಾಗಿ ಅಚ್ಚು ಹಾಕಿದೆವು. ಕೆಳಗೆ, ಮುಂದೆ ಮನೆಗೆ ಬಂದು ಊಟ ಮಾಡಿಕೊಂಡು ಹೋಗಬೇಕು ಅಂತ ಎರಡು ಸಾಲು. ಆ ಎರಡು ತಿಂಗಳಲ್ಲಿ ಬಾಡಿಗೆಯೂ ಇಬ್ಬರ ಸಂಬಳವೂ ಹುಟ್ಟಿತು. ಲಾಭ ಆಗಲಿಲ್ಲ, ಆದರೆ ಬಾಗಿಲು ಹಾಕಲಿಲ್ಲ.

ಅಲ್ಲಿಯವರೆಗೆ ನಾನು ಮದುವೆ ಕಾರ್ಡೇ ನನ್ನ ಪದ್ಯ ಅಂದುಕೊಂಡಿದ್ದೆ. ಅದು ಅರ್ಥ. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಮರ್ಯಾದೆಯಿಂದ ಮುಟ್ಟಿಸುವುದು ನನ್ನ ಪದ್ಯ. ಅಂದುಕೊಂಡದ್ದೆಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ. ಅದೇ ವರ್ಷ ನೋಟ್‌ಬುಕ್ ಮಾಡಿ ಮಾರಲು ಹೋದೆ. ಶಾಲೆಯೇ ಇಲ್ಲದಾಗ ಯಾರು ತಗೋತಾರೆ? ಅರ್ಧಕ್ಕರ್ಧ ಹಾಗೇ ಉಳಿಯಿತು.

ಈಗ ನಿಮ್ಮ ಉಪ್ಪಿನಕಾಯಿ. ಒಂದು ಸಂಜೆ 6 ಜನವೂ ಕೂತಾಗ ಇದನ್ನು ಮಾಡಿ, ಹಪ್ಪಳ ಒತ್ತುತ್ತಾ ಮಾಡಿದರೂ ಆದೀತು. ಪದ್ಯ 'ಈ ವರ್ಷ ಮಿಡಿ ಇಲ್ಲ'. ಒಬ್ಬರು ಫೋನ್ ಮಾಡಿದ ಆ ಗಿರಾಕಿ ಆಗಲಿ. ಒಬ್ಬರು ಪೇಟೆಯ ಅಂಗಡಿಯವರು. ಒಬ್ಬರು ಮರ ಹತ್ತಿ ಮಿಡಿ ಕೊಯ್ಯುವವರಾಗಲೇಬೇಕು. ಅವರನ್ನು ನಾವು ಯಾರೂ ಕೇಳುವುದೇ ಇಲ್ಲ. ಯಾವ ಹೊಳೆಬದಿಯ ಮರ ಈ ವರ್ಷವೂ ಕೈಬಿಡಲಿಲ್ಲ, ಯಾವುದಕ್ಕೆ ಒಂದು ವರ್ಷ ಬಿಟ್ಟು ಒಂದು ವರ್ಷ ಫಸಲು, ಇದೆಲ್ಲ ಅವರಿಗೆ ಗೊತ್ತಿರುತ್ತದೆ. ಆ ಪಾತ್ರ ಮಾಡುವವರು ಏನೂ ಹೇಳಲಾಗದೆ ತಡವರಿಸಿದರೆ, ಮರುದಿನ ಹೋಗಿ ಅವರನ್ನೇ ಕೇಳಬೇಕು ಅಂತ ಅರ್ಥ.

ನಿಮ್ಮ ಗಿರಾಕಿಯ ಕೊನೆಯ ಮಾತು ಹಿಡಿದುಕೊಳ್ಳಿ. 'ಅದೇ ಹೊಳೆಬದಿ ಮರದ್ದು ಕೊಡಿ' ಅಂದಿದ್ದಾರೆ. ಅವರು ಕೇಳಿದ್ದು ಮರವನ್ನು. ನಮ್ಮ ಕಡೆ ಅಪ್ಪೆಮಿಡಿಗೆ ಮರದ ಹೆಸರೇ ಇರುತ್ತದೆ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಂತ ಹೆಸರು ಹಿಡಿದು ಕೇಳುವವರಿದ್ದಾರೆ. ಇರುವ ಮಿಡಿಯನ್ನು ಮರಮರಕ್ಕೆ ಬೇರೆ ಮಾಡಿ, ಚಿಕ್ಕ ಬಾಟಲಿಗೆ ಹಾಕಿ, ಮೇಲೆ ಮರದ ಹೆಸರು ಬರೆದು ಕೊಟ್ಟು ನೋಡಿ. ಕಡಿಮೆ ಬಿತ್ತು ಅಂತ ಬೇರೆ ಕಡೆಯ ಮಿಡಿ ತಂದು ಬೆರೆಸುವ ಯೋಚನೆ ನಿಮ್ಮಲ್ಲಿ ಯಾರಿಗಾದರೂ ಬಂದಿದ್ದರೆ, ದಯವಿಟ್ಟು ಬೇಡ. ಅದು ಪದ್ಯಕ್ಕೇ ಕೈಹಾಕಿದ ಹಾಗೆ.

ಪ್ರಶ್ನೆ: ಅಕ್ಕಾ, ಅಂಕೋಲಾ ಕಡೆ ನನ್ನದೊಂದು ಹೋಮ್‌ಸ್ಟೇ ಇದೆ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಬುಕಿಂಗ್ ಎಲ್ಲಾ ಹೋಯಿತು. ಅಂದಿನಿಂದ ಮಳೆಗಾಲ ಅಂದ್ರೆ ಭಯ. ಏನೇ ಪ್ಲಾನ್ ಮಾಡಿದ್ರೂ ಉಲ್ಟಾ ಆಗುತ್ತೆ ಅನ್ಸುತ್ತೆ.

ಉತ್ತರ: ತಮ್ಮಾ, ಆ ಗುಡ್ಡದ ಕೆಳಗೆ ಜೀವ ಹೋದವರನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಿಮ್ಮ ಭಯ ಸುಳ್ಳಲ್ಲ.

ಭಯದಲ್ಲೂ ಎರಡು ಬಗೆ ಇದೆ. ನಮ್ಮ ಅಡಿಕೆ ತೋಟಕ್ಕೆ ಕೊಳೆ ಬರುತ್ತದೆ. ಎಷ್ಟು ಬರುತ್ತೆ ಗೊತ್ತಿಲ್ಲ, ಬರುತ್ತೆ ಅನ್ನೋದು ಗೊತ್ತು. ಅದಕ್ಕೇ ಮಳೆ ಹಿಡಿಯುವ ಮೊದಲು ಒಮ್ಮೆ ಬೋರ್ಡೋ ಮದ್ದು ಹೊಡೆಯುತ್ತೇವೆ, 40-45 ದಿನ ಬಿಟ್ಟು ಇನ್ನೊಮ್ಮೆ. ಇದು ಲೆಕ್ಕಕ್ಕೆ ಸಿಗುವ ಕಷ್ಟ. ಗುಡ್ಡ ಬಿದ್ದು ರಸ್ತೆ ನಿಂತು, ಮನೆಯಲ್ಲಿ ಮಾಡಿಟ್ಟ ಹಾಸಿಗೆಗೆ ಜನವೇ ಬಾರದೆ ಹೋಗುವುದು ಲೆಕ್ಕಕ್ಕೆ ಸಿಗುವುದಿಲ್ಲ. ಫ್ರಾಂಕ್ ನೈಟ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1921ರಲ್ಲೇ ಈ ಎರಡನ್ನೂ ಬೇರೆ ಮಾಡಿ ತೋರಿಸಿದ್ದರು. ಮೊದಲನೆಯದಕ್ಕೆ ವಿಮೆ, ಉಳಿತಾಯ, ಮದ್ದು ಇದೆ. ಎರಡನೆಯದಕ್ಕೆ ಪ್ಲಾನ್ ಹಾಕಿದರೆ ಉಲ್ಟಾ ಆಗುವುದು ಸಹಜ. ಅದಕ್ಕೆ ಕಥೆ ಕಟ್ಟಬೇಕು.

ಕಥೆ ಅಂದದ್ದಕ್ಕೆ ಹಗುರವಾಗಿ ತಗೋಬೇಡಿ. 1970ರ ದಶಕದ ಶುರುವಿನಲ್ಲಿ ಶೆಲ್ ಎಂಬ ದೊಡ್ಡ ಎಣ್ಣೆ ಕಂಪನಿಯಲ್ಲಿ ಪಿಯರ್ ವಾಕ್ ಎಂಬ ಫ್ರೆಂಚರು ಈ ಕೆಲಸವನ್ನೇ ಮಾಡಿಸಿದರು. ಎಣ್ಣೆ ಬೆಲೆ ಮುಂದೆ ಇಷ್ಟಾಗುತ್ತೆ ಅಂತ ಭವಿಷ್ಯ ಹೇಳಲಿಲ್ಲ. ಹೀಗಾದರೆ ಏನು, ಹಾಗಾದರೆ ಏನು ಅಂತ ಬೇರೆ ಬೇರೆ ಕಥೆ ಕಟ್ಟಿ ಮ್ಯಾನೇಜರುಗಳ ಮುಂದೆ ಇಟ್ಟರು. ಎಣ್ಣೆ ಇರುವ ದೇಶಗಳು ಕೈ ಬಿಗಿ ಹಿಡಿದರೆ ಎಂಬುದೂ ಅದರಲ್ಲಿತ್ತು. 1973ರ ಕೊನೆಗೆ ಹಾಗೇ ಆಯಿತು. ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಉಳಿದವರು ದಿಕ್ಕು ತೋಚದೆ ನಿಂತಾಗ ಶೆಲ್‌ನವರು ಬೇಗ ಹೆಜ್ಜೆ ಎತ್ತಿದರು. ಆ ಕಥೆಯನ್ನು ಅವರು ಮನಸ್ಸಿನಲ್ಲಿ ಒಮ್ಮೆ ಬದುಕಿ ನೋಡಿದ್ದರಲ್ವಾ?

ನೀವು ಮೂರು ಪತ್ರ ಬರೆಯಿರಿ. ಮೂರರಲ್ಲೂ ಮುಂದಿನ ಆಗಸ್ಟ್ ತಿಂಗಳ ತಾರೀಕು ಹಾಕಿ. ಬರೆಯುವವರು ನೀವಲ್ಲ, ನಿಮ್ಮ ಅತಿಥಿ. ಮೊದಲನೆಯ ಪತ್ರದಲ್ಲಿ ರಸ್ತೆ ಚೆನ್ನಾಗಿದೆ, ಮನೆ ತುಂಬಿದೆ. ಎರಡನೆಯದರಲ್ಲಿ ಬಂದ ಅತಿಥಿ ನಿಮ್ಮಲ್ಲೇ ಐದು ದಿನ ಸಿಕ್ಕಿಕೊಂಡಿದ್ದಾರೆ, ಕರೆಂಟಿಲ್ಲ. ಮೂರನೆಯದು ಬರಲಾಗದವರದ್ದು, ಕಟ್ಟಿದ ಹಣ ಏನಾಯಿತು ಅಂತ ಕೇಳುತ್ತಿದ್ದಾರೆ. ಏನು ಉಣ್ಣುತ್ತಿದ್ದಾರೆ, ಯಾವ ದೀಪದ ಬೆಳಕಲ್ಲಿ ಬರೆಯುತ್ತಿದ್ದಾರೆ, ಯಾವುದಕ್ಕೆ ಸಿಟ್ಟು ಬಂದಿದೆ, ಎಲ್ಲಾ ಇರಲಿ. ಪೂರ್ತಿ ಪುಟ ಬರೆಯಿರಿ. ಮನೆಯವರಿಗೆ ಗಟ್ಟಿಯಾಗಿ ಓದಿ.

ಬರೆದಾದ ಮೇಲೆ ನಿಮಗೇ ಕಾಣುತ್ತದೆ. ಎರಡನೆಯ ಪತ್ರದವರಿಗೆ ಅಕ್ಕಿ, ಗ್ಯಾಸು, ಔಷಧಿ ಎಷ್ಟು ಬೇಕು ಅಂತ ತಿಳಿಯುತ್ತದೆ. ಮೂರನೆಯವರಿಗೆ ಹಣ ವಾಪಸ್ ಕೊಡುವ ಮಾತನ್ನು ಇವತ್ತೇ ಸ್ಪಷ್ಟ ಬರೆದಿಡಬೇಕು ಅನ್ನಿಸುತ್ತದೆ. ಮೂರೂ ಕಥೆಯಲ್ಲಿ ಬೇಕಾಗುವ ಕೆಲಸ ಯಾವುದೋ ಅದನ್ನು ಈ ಬೇಸಿಗೆಯಲ್ಲೇ ಮುಗಿಸಿಬಿಡಿ.

ಪ್ರಶ್ನೆ: ಕಾರವಾರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಬಿಸಿನೆಸ್ ಮಾಡೋರು ಚಿತ್ರ ಬರೆಯೋದು ಕಲೀಬೇಕು ಅಂತ ಒಂದು ಕಡೆ ಓದಿದೆ. ನನಗೆ ಮಾವಿನಕಾಯಿ ಬರೆಯೋಕೂ ಬರಲ್ಲ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡ ತಮ್ಮಾ. ಇದು ಚಂದ ಬರೆಯುವ ಮಾತಲ್ಲ. ಚಿತ್ರ ಬರೆಯುವಾಗ ಕಣ್ಣು ನಿಧಾನ ಆಗುತ್ತದೆ, ನಮಗೆ ಬೇಕಾದದ್ದು ಅದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ಆರ್ಟ್ ಗ್ಯಾಲರಿಗೆ ಕರೆದುಕೊಂಡು ಹೋಗಿ, ಒಂದೊಂದು ಚಿತ್ರದ ಮುಂದೆ ನಿಲ್ಲಿಸಿ, ಕಂಡದ್ದನ್ನಷ್ಟೇ ಹೇಳಿ ಅಂತ ಅಭ್ಯಾಸ ಮಾಡಿಸಿದರು. ಆಮೇಲೆ ರೋಗಿಗಳ ಫೋಟೋ ನೋಡಿದಾಗ ಅವರು ಉಳಿದವರಿಗಿಂತ ಜಾಸ್ತಿ ಗುರುತಿಸಿದರು. 2001ರಲ್ಲಿ ಅದು ವೈದ್ಯರ ಪತ್ರಿಕೆಯಲ್ಲಿ ಪ್ರಕಟವಾಗಿದೆ.

ನನ್ನದೇ ಹೇಳುತ್ತೇನೆ. ಒಂದು ಮಧ್ಯಾಹ್ನ ಪ್ರೆಸ್ಸಿನ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಪೆನ್ಸಿಲ್ಲಿನಲ್ಲಿ ಮಷಿನ್ ರೂಮು ಬರೆದೆ. ಗೋಡೆ ಡೊಂಕು, ಮಷಿನ್ ಪೆಟ್ಟಿಗೆಯ ಹಾಗೆ ಬಂತು. ಆಮೇಲೆ ಒಂದು ಹಾಳೆ ಎಲ್ಲೆಲ್ಲಿ ಹೋಗುತ್ತದೆ ಅಂತ ಗೆರೆ ಎಳೆದೆ. ಬಾಗಿಲಿಂದ ಒಳಗಿನ ಕಪಾಟಿಗೆ, ಅಲ್ಲಿಂದ ಬಾಗಿಲ ಹತ್ತಿರದ ಕಟಿಂಗ್ ಮಷಿನ್‌ಗೆ, ಮತ್ತೆ ಒಳಗೆ ಅಚ್ಚಿಗೆ, ಮತ್ತೆ ಬಾಗಿಲಿಗೆ. ಪೆನ್ಸಿಲ್ ಗೆರೆ ಒಂದೇ ಕಡೆ ನಾಲ್ಕು ಸಲ ಹಾದು ಕಪ್ಪಾಗಿತ್ತು. ಅಷ್ಟು ವರ್ಷ ಅದೇ ದಾರಿಯಲ್ಲಿ ನಡೆದವಳು ನಾನು, ಕಂಡಿರಲಿಲ್ಲ. ಭಾನುವಾರ ಕಪಾಟನ್ನು ಬಾಗಿಲ ಕಡೆ ತಂದು ನಿಲ್ಲಿಸಿದೆವು.

ನೀನು ಅಂಗಡಿಯ ಕೌಂಟರ್ ಬರಿ. ದಿನಕ್ಕೆ ಹತ್ತು ನಿಮಿಷ, ಒಂದು ವಾರ. ಗಿರಾಕಿ ಎಲ್ಲಿ ನಿಲ್ಲುತ್ತಾರೆ, ಕಾಯುವಾಗ ಎತ್ತ ನೋಡುತ್ತಾರೆ, ಯಾವ ಮಾಡೆಲ್ ಕೈಯಲ್ಲಿದೆ. ಹೊಸದೊಂದು ಶುರುವಾಗುವಾಗ ಮೊದಲು ಕಾಣುವುದು ಅಲ್ಲೇ.

ಪ್ರಶ್ನೆ: ನಮ್ಮದು ಸಣ್ಣ ಸಹಕಾರಿ ಸಂಘ. ನೌಕರರಿಗೆ ಇಂಥ ಕಲಾ ಶಿಬಿರ ಮಾಡಿಸಲು ಹೊರಗಿನವರು ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಮೊದಲು ನಿಮ್ಮ ಸಾಲ ವಸೂಲಿ, ನಿಮ್ಮ ಲೆಕ್ಕ ಸರಿ ಇದೆಯಾ ನೋಡಿ. ಕಂತು ಕಟ್ಟಲಾಗದಿದ್ದರೆ, ಮಾಲು ಗೋದಾಮಿನಲ್ಲಿ ಕೊಳೆಯುತ್ತಿದ್ದರೆ ಅದಕ್ಕೆ ಚಿತ್ರವೂ ನಾಟಕವೂ ಮದ್ದಲ್ಲ. ಅದು ಸರಿಯಿದ್ದರೆ, ದೂರದವರನ್ನು ಯಾಕೆ ಕರೆಸುತ್ತೀರಿ? ನಿಮ್ಮ ತಾಲೂಕಿನಲ್ಲೇ ಒಳ್ಳೆಯ ಅರ್ಥಧಾರಿಗಳಿದ್ದಾರೆ, ಗಂಧದ ಕೆತ್ತನೆ ಮಾಡುವ ಗುಡಿಗಾರರಿದ್ದಾರೆ. ಅವರಿಗೆ ಗೌರವದಿಂದ ಸಂಭಾವನೆ ಕೊಟ್ಟು ಕರೆಸಿ. ಎರಡು ದಿನ ಒಟ್ಟಿಗೆ ಬೇಡ. ತಿಂಗಳಿಗೆ ಒಂದು ಸಂಜೆ, ಒಂದು ವರ್ಷ ಮಾಡಿ. ಕೆಳಗಿನ ನೌಕರ ಪಾತ್ರದಲ್ಲಿ ಹೇಳಿದ ಮಾತಿಗೆ ಮರುದಿನ ಮೇಲಿನವರು ಮುಖ ಸಿಂಡರಿಸಬಾರದು. ಈ ಒಂದು ವಿಷಯದಲ್ಲಿ ಅಧ್ಯಕ್ಷರು ಮೊದಲೇ ಮಾತು ಕೊಡಬೇಕು. ಇಲ್ಲದಿದ್ದರೆ ಮಾಡಿಸಲೇಬೇಡಿ.

ಪ್ರಶ್ನೆ: ಅಕ್ಕಾ, ಕುಮಟಾದಲ್ಲಿ ಮರಗೆಲಸದ ಅಂಗಡಿ ನಮ್ಮದು. ಈಗ ಗಿರಾಕಿಗಳು ಫೋನಿನಲ್ಲಿ ದಿನಕ್ಕೊಂದು ಡಿಸೈನ್ ತೋರಿಸುತ್ತಾರೆ. ಹಳೆ ಆಚಾರಿಗಳು ಹೊಸದನ್ನು ಮುಟ್ಟಲು ಹೆದರುತ್ತಾರೆ, ಮರ ಹಾಳಾಗುತ್ತೆ ಅಂತಾರೆ. ಹೇಗೆ ಧೈರ್ಯ ತುಂಬಲಿ?

ಉತ್ತರ: ಅವರ ಹೆದರಿಕೆಗೆ ಬೆಲೆ ಕೊಡು ತಮ್ಮಾ. ಸಾಗುವಾನಿ ಹಲಗೆ ಕೆಟ್ಟರೆ ನಷ್ಟ ನಿನ್ನದು, ಅವಮಾನ ಅವರದ್ದು.

ಶಿರಸಿಗೆ ಬಂದಾಗ ಮಾರಿಕಾಂಬಾ ಗುಡಿಯ ಗೋಡೆಯ ಕಾವಿ ಚಿತ್ರಗಳನ್ನು ಹತ್ತಿರ ನಿಂತು ನೋಡು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಹಸಿ ಇರುವಾಗಲೇ ಮೊನೆಯಿಂದ ಕೆರೆಯುತ್ತಾರೆ. ಕೆರೆದಲ್ಲಿ ಒಳಗಿನ ಬಿಳಿ ಗೆರೆಯಾಗಿ ಕಾಣುತ್ತದೆ. ಒಣಗಿತೆಂದರೆ ಮುಗಿಯಿತು, ತಿದ್ದಲು ಬರುವುದಿಲ್ಲ. ಅಂಥ ಗೋಡೆಯ ಮುಂದೆ ನಿಲ್ಲುವ ಕೈಗೆ ಎಷ್ಟು ಅಭ್ಯಾಸ ಆಗಿರಬೇಕು ಯೋಚಿಸು. ಹೊಸಬರನ್ನು ಯಾರೂ ನೇರ ಗುಡಿಯ ಗೋಡೆಗೆ ಬಿಡುವುದಿಲ್ಲ.

ನಿನ್ನ ಅಂಗಡಿಯಲ್ಲೂ ಕೆಟ್ಟರೆ ಪರವಾಗಿಲ್ಲ ಅನ್ನುವ ಒಂದು ಜಾಗ ಮಾಡು. ಶನಿವಾರ ಮಧ್ಯಾಹ್ನ ಎರಡು ತಾಸು. ಮೂಲೆಯಲ್ಲಿ ಬಿದ್ದಿರುವ ಹಲಸಿನ ತುಂಡು, ಮಾವಿನ ತುಂಡು ಸಾಕು. ಆ ವಾರ ಗಿರಾಕಿ ತೋರಿಸಿದ ಡಿಸೈನಿನ ಒಂದು ಮೂಲೆ ಮಾತ್ರ ಮಾಡಲಿ, ಗೇಣುದ್ದದ್ದು. ಸಂಬಳ ಕೊಡು, ಆ ಹೊತ್ತಿಗೆ ಬೇರೆ ಕೆಲಸ ಹೇಳಬೇಡ. ಕೆಟ್ಟ ತುಂಡನ್ನು ಒಲೆಗೆ ಹಾಕದೆ ಗೋಡೆಗೆ ಸಾಲಾಗಿ ಒರಗಿಸಿಡು. ಮೊದಲ ತುಂಡನ್ನು ನೀನೇ ಕೆತ್ತು, ಅವರು ನೋಡಲಿ.